ಸರ್ವರ್ ಕಣ್ಣು ಬಿಡುವ ಮೊದಲು

ಅಫಜಲಪುರದ ತೊಗರಿ ಸಾಹುಕಾರರಿಗೆ ನನ್ನ ಕೆಲಸದ ಮೇಲೆ ನಂಬಿಕೆ ಇತ್ತು, ಮಾತಿನ ಮೇಲೆ ಇರಲಿಲ್ಲ. ಅವರ ಬೇಳೆ ಮಿಲ್ಲಿನ ವ್ಯವಹಾರವೆಲ್ಲ ಕ್ಲೌಡ್‌ನಲ್ಲಿ ಬಾಡಿಗೆಗೆ ಹಿಡಿದ ಒಂದು ವರ್ಚುವಲ್ ಮಷಿನ್ನಿನಲ್ಲಿ ನಡೆಯುತ್ತಿತ್ತು. ಜೇವರ್ಗಿಯ ನಮ್ಮ ಮನೆಯಲ್ಲಿ ಕೂತು ಅದನ್ನು ಕಾಯುವವಳು ನಾನು. ನನ್ನ ಜೊತೆಗಾತಿ ಮಾದನಹಿಪ್ಪರಗಾದವಳು. ಕಾಲೇಜಿನಲ್ಲಿ ಕೂಡಿ ಓದಿದ ನಾವು ಈಗ ಕೂಡಿಯೇ ಈ ಕೆಲಸ ಮಾಡುತ್ತೇವೆ. ಕಾಲೇಜಿನಲ್ಲಿ ಅವಳ ಕಿತಾಪತಿಗೆ ಸಿಗದ ಮೇಷ್ಟ್ರೇ ಇರಲಿಲ್ಲ.

ಸಾಹುಕಾರರ ಮಷಿನ್ನಿಗೆ ಸೆಕ್ಯೂರ್ ಬೂಟ್ ಹಾಕಬೇಕೆಂದು ನಾವು ಬಹಳ ದಿನಗಳಿಂದ ಹೇಳುತ್ತಿದ್ದೆವು. ಮಷಿನ್ ಶುರುವಾದಾಗ ಆಪರೇಟಿಂಗ್ ಸಿಸ್ಟಂ ತಾನಾಗಿ ಏಳುವುದಿಲ್ಲ, ಅದನ್ನು ಎಬ್ಬಿಸಲು ಅದಕ್ಕಿಂತ ಮೊದಲು ಒಂದು ಸಣ್ಣ ಪ್ರೋಗ್ರಾಂ ಏಳುತ್ತದೆ. ಕಳ್ಳ ಕೋಡ್ ಆ ಜಾಗದಲ್ಲಿ ಹೊಕ್ಕು ಕೂತರೆ, ಆಂಟಿವೈರಸ್ ಕಣ್ಣು ಬಿಡುವಷ್ಟರಲ್ಲಿ ಮನೆಯೇ ಅದರದಾಗಿರುತ್ತದೆ. ಸೆಕ್ಯೂರ್ ಬೂಟ್ ಇದ್ದರೆ ನಂಬಿಕಸ್ಥರ ಡಿಜಿಟಲ್ ಸಹಿ ಇಲ್ಲದ ಕೋಡ್ ಏಳುವುದೇ ಇಲ್ಲ. ಆದರೆ ಅದನ್ನು ಹಾಕಲು ಮಷಿನ್ ಸ್ವಲ್ಪ ಹೊತ್ತು ನಿಲ್ಲಿಸಬೇಕು.

"ಆಂಟಿವೈರಸ್ ಹಾಕೀರಿಲ್ಲ? ಅದು ಹಸರ ತೋರಸಾಕತ್ತದ. ಮತ್ತ್ಯಾಕ ಮಷಿನ್ ನಿಂದರಸ್ತೀರಿ?" ಎನ್ನುವುದು ಸಾಹುಕಾರರ ಪಾಠ.

"ಇವರಿಗಿ ಹೇಳಿದ್ರ ತಿಳ್ಯಂಗಿಲ್ಲ ಬೇ, ತೋರಸಬೇಕು," ಎಂದಳು ಗೆಳತಿ.

ಒಂದು ಖಾಲಿ ಮಷಿನ್ ಹಿಡಿದು, ಅದಕ್ಕೂ ಸಾಹುಕಾರರು ನಂಬಿದ ಆಂಟಿವೈರಸ್ಸನ್ನೇ ಹಾಕಿದೆವು. ಅದರ ಎಬ್ಬಿಸುವ ಜಾಗದಲ್ಲಿ ಅವಳೇ ಬರೆದ ನಿರುಪದ್ರವಿ ಪ್ರೋಗ್ರಾಂ ಇಟ್ಟಳು. ಆ ಹಂತದಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲವಲ್ಲ, ಒಂದೊಂದು ಅಕ್ಷರವನ್ನೂ ರಂಗೋಲಿಯ ಹಾಗೆ ಚುಕ್ಕಿಯಿಟ್ಟು ಬಿಡಿಸಿದಳು.

ಮಿಲ್ಲಿನ ಆಫೀಸಿನಲ್ಲಿ ಸಾಹುಕಾರರೂ, ಲೆಕ್ಕ ನೋಡಿಕೊಳ್ಳುವ ಅವರ ಅಳಿಯನೂ ಕೂತಿದ್ದರು. ಗೋಡೆಯ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಆ ಮಷಿನ್ ಶುರು ಮಾಡಿದೆವು. ಕಪ್ಪು ಪರದೆಯ ಮೇಲೆ ದೊಡ್ಡ ಅಕ್ಷರ ಮೂಡಿತು: "ಶರಣ್ರೀ ಸಾಹುಕಾರ್ರ. ಮನಿ ಚಂದ ಅದ. ಒಳಗ ಬಂದು ಕುಂತೇನಿ."

ಸಾಹುಕಾರರು ಕುರ್ಚಿಯಿಂದ ಎದ್ದೇಬಿಟ್ಟರು. "ಯಾರಲೇ ಅಂವಾ?"

ಆಪರೇಟಿಂಗ್ ಸಿಸ್ಟಂ ಎದ್ದಿತು. ಆಂಟಿವೈರಸ್ ಎಂದಿನಂತೆ ಹಸಿರು ತೋರಿಸಿ, ಎಲ್ಲ ಸುರಕ್ಷಿತ ಎಂದಿತು.

"ಇದು ನಮ್ಮ ಮಷಿನ್ನೇನ್ರಿ?" ಅವರ ದನಿ ಸಣ್ಣದಾಗಿತ್ತು.

"ಇಲ್ರಿ, ಸುಮ್ಮ ತೋರಸಾಕ ಹಿಡದದ್ದು," ಎಂದೆ. ಅದಕ್ಕೆ ಸೆಕ್ಯೂರ್ ಬೂಟ್ ಹಾಕಿ ಮತ್ತೆ ಶುರು ಮಾಡಿದೆ. ಈ ಸಲ ಶರಣೂ ಇಲ್ಲ, ಸುದ್ದಿಯೂ ಇಲ್ಲ. ಸಹಿ ಇಲ್ಲವೆಂದು ಮಷಿನ್ ಏಳಲು ಒಪ್ಪಲೇ ಇಲ್ಲ.

"ಈಗಿಂದೀಗ ನಮ್ಮದಕ್ಕೂ ಹಾಕ್ರಿ," ಎಂದರು ಸಾಹುಕಾರರು.

ಅಷ್ಟು ಹೊತ್ತು ಮೊಬೈಲಿನಲ್ಲಿ ಮುಳುಗಿದ್ದ ಅಳಿಯ ತಲೆ ಎತ್ತಿದ. "ನಾಳಿ ಮಾಡಿದ್ರ ನಡ್ಯಂಗಿಲ್ಲೇನ್ರಿ? ಇವತ್ತ ಅಮಾಸಿ ಅದ."

"ಅಮಾಸಿ ನಿನ್ನೇನೇ ಮುಗದದಲ್ರಿ," ಎಂದಳು ಗೆಳತಿ, ಬಲು ವಿನಯದಿಂದ.

ಅಸಲಿ ಮಷಿನ್ನಿಗೂ ಹಾಕಿದೆವು. ಅದು ಚೆನ್ನಾಗಿಯೇ ಎದ್ದಿತು, ಆದರೆ ಲೆಕ್ಕದ ಸಾಫ್ಟ್‌ವೇರ್ ಮಾತ್ರ ಲೈಸೆನ್ಸ್ ಕೀಲಿ ಕಾಣುತ್ತಿಲ್ಲವೆಂದು ಮುಷ್ಕರ ಹೂಡಿತು. ಲಾಗ್ ತೆಗೆದು ನೋಡಿದೆ. ಸಹಿ ಇಲ್ಲದ ಡ್ರೈವರ್ ಎಂಬ ಒಂದು ಸಣ್ಣ ಪ್ರೋಗ್ರಾಮನ್ನು ಮಷಿನ್ ಹೊರಗೆ ನಿಲ್ಲಿಸಿತ್ತು. ಇಲ್ಲದ ಕೀಲಿಯನ್ನು ಇದೆಯೆಂದು ನಂಬಿಸುವುದೇ ಆ ಡ್ರೈವರಿನ ಕಸುಬು. ಅಂದರೆ ಸಾಫ್ಟ್‌ವೇರೇ ಕಳ್ಳ ಮಾಲು. ಸುಳ್ಳು ಕಳ್ಳನನ್ನು ತೋರಿಸಲು ಬಂದ ನಮಗೆ ಖರೇ ಕಳ್ಳನೇ ಸಿಕ್ಕಿದ್ದ. ನಗು ತಡೆಯಲು ಕೆನ್ನೆ ಕಚ್ಚಿಕೊಂಡೆ. ಗೆಳತಿ ಕಿಟಕಿಯ ಕಡೆ ತಿರುಗಿ ಕೆಮ್ಮತೊಡಗಿದಳು.

ಅಳಿಯ ಫ್ಯಾನಿನ ಕೆಳಗೇ ಬೆವರುತ್ತಿದ್ದ. "ಮಾವಾರ… ಫುಕಟ್ ಸಿಕ್ತು ಅಂತ ನಾನೇ ಹಾಕೇನ್ರಿ."

ಸಾಹುಕಾರರು ಬಯ್ಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ನಮ್ಮ ಮನ್ಯಾಗ ಸಹಿ ಇಲ್ಲದ್ದು ಹೊಕ್ಕದ ಅಂತ ನನಗ ಮಗಳ ಲಗ್ನದಾಗೇ ತಿಳೀಬೇಕಿತ್ತು," ಎಂದರು. ಆಮೇಲೆ ನಮಗೆ ಊಟ ತರಲು ಅಳಿಯನನ್ನೇ ಕಳಿಸಿದರು.

ಆ ಡ್ರೈವರನ್ನು ಬೇರೆ ಕಡೆ ಇಟ್ಟು ಪರೀಕ್ಷಿಸಿದಾಗ ಅದರ ಹೊಟ್ಟೆಯಲ್ಲಿ ಮತ್ತೊಂದು ಕೋಡ್ ಸಿಕ್ಕಿತು. ಅದು ಸಾಹುಕಾರರ ಮಷಿನ್ನಿನಲ್ಲಿ ಕೂತು ಬೇರೆ ಯಾರಿಗೋ ದುಡಿಯುತ್ತಿತ್ತು. ಅಷ್ಟು ಆಳಕ್ಕೆ ಹೊಲಸು ಇಳಿದ ಮಷಿನ್ನನ್ನು ತೊಳೆದು ಬಳಸುವಂತಿಲ್ಲ. ಹೊಸದು ಹಿಡಿದು, ಸೆಕ್ಯೂರ್ ಬೂಟ್ ಹಾಕಿ, ಮಾಹಿತಿಯನ್ನಷ್ಟೇ ಅತ್ತ ಸಾಗಿಸಿದೆವು. ಸಾಹುಕಾರರು ಅಸಲಿ ಲೈಸೆನ್ಸ್ ಕೊಂಡರು.

ಸಂಜೆ ಮಾವನ ಅಪ್ಪಣೆಯಂತೆ ಅಳಿಯನೇ ನಮ್ಮನ್ನು ಕಾರಿನಲ್ಲಿ ಜೇವರ್ಗಿಗೆ ಬಿಡಲು ಹೊರಟ. ಊರು ದಾಟಿದ ಮೇಲೆ ಕನ್ನಡಿಯಲ್ಲಿ ನಮ್ಮನ್ನು ನೋಡುತ್ತ ಮೆಲ್ಲಗೆ ಕೇಳಿದ: "ಅಕ್ಕಾರ, ಜೇವರ್ಗ್ಯಾಗ ನಮ್ಮ ಬ್ಯಾಳಿ ಅಂಗಡಿ ಅದ, ಅಲ್ಲಿ ಲ್ಯಾಪ್‌ಟಾಪಿಗೂ ಅದೇ ಫುಕಟ್ ಸಾಫ್ಟ್‌ವೇರ್ ಹಾಕೇನ್ರಿ. ಮಾವಾರಿಗಿ ಹೇಳಬ್ಯಾಡ್ರಿ. ಜರಾ ತೆಗದು ಕೊಡ್ತೀರೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಗೆಳತಿ, "ತೆಗೀತೇವ್ರಿ. ಮುಂದ ಮಿರ್ಚಿ ಭಜಿ ಗಾಡಿ ಬರ್ತದ, ನಿಂದರಸ್ರಿ," ಎಂದಳು. ಅವನೇ ಇಳಿದು ಹೋಗಿ ಬಿಸಿ ಭಜಿ ತಂದುಕೊಟ್ಟ. ನಾವು ತಿಂದು ಮುಗಿಸುವವರೆಗೂ ನೀರಿನ ಬಾಟಲಿ ಹಿಡಿದು ಕಾರಿನ ಹೊರಗೇ ನಿಂತಿದ್ದ.