ಪಂಢರೀನಾಥ ಮಾಸ್ತರರ ಮೊಳೆ

ಪಂಢರೀನಾಥ ಮಾಸ್ತರರ ಓಣಿಗೆ ಕಾಲಿಡಲು ಬಾಗಲಕೋಟೆಯ ಹಾಲು ಮಾರುವವರು ಹಿಂದೆಮುಂದೆ ನೋಡುತ್ತಿದ್ದರು. ಹೈಸ್ಕೂಲಿನಲ್ಲಿ ರಸಾಯನ ಕಲಿಸುವ ಈ ಮನುಷ್ಯ ಹಾಲಿಗೆ ಅಯೋಡಿನ್ ಹನಿಸಿ, ಅದು ನೀಲಿಯಾದರೆ ಹಿಟ್ಟು ಬೆರೆಸಿದ್ದೀರೆಂದು ನಡುಬೀದಿಯಲ್ಲೇ ತೀರ್ಪು ಕೊಡುತ್ತಿದ್ದರು. ಸ್ವಂತ ಸೋದರಮಾವನ ತುಪ್ಪವನ್ನೂ ಬಿಟ್ಟಿರಲಿಲ್ಲ. ಮಾವ ಮುನಿಸಿಕೊಂಡು ಕೆರೂರಿಗೆ ಹೊರಟುಹೋದಾಗ, "ರಸಾಯನಕ್ಕ ಬೀಗರಿಲ್ಲ, ಬಳಗಿಲ್ಲ," ಎಂದು ಎದೆಯುಬ್ಬಿಸಿ ಹೇಳಿದ್ದರು. ಆ ಮಾತೇ ಮುಂದೆ ಅವರ ಕೊರಳಿಗೆ ಸುತ್ತಿಕೊಂಡಿತು.

ಬಾಗಲಕೋಟೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಮಾಸ್ತರರ ಮಗನಿಗೆ ಹೆಸರಿಡುವ ದಿನ ಅಡುಗೆಗೆ ತುಳಸೀಬಾಯಿ ಬಂದಿದ್ದಳು. ಗಂಡ ಹೋದ ಮೇಲೆ ಮದುವೆ ಮುಂಜಿಗಳ ಅಡುಗೆ ಮಾಡಿಯೇ ಹೊಟ್ಟೆ ಹೊರೆದುಕೊಂಡ ಹೆಂಗಸು. ಆಕೆ ಸಾರು ಇಳಿಸಿದ ಕೂಡಲೇ ಮಾಸ್ತರರ ತಾಯಿ ರುಕ್ಮಿಣೀಬಾಯಿ ಅದನ್ನು ತಮ್ಮ ತಾಮ್ರದ ತಪೇಲಿಗೆ ಬಗ್ಗಿಸಿ, ಅಡುಗೆಮನೆಯ ಕತ್ತಲ ಮೂಲೆಯಲ್ಲಿಟ್ಟರು. ಪೊಲೀಸ್ ಫೌಜದಾರ ಅಂದಾನಪ್ಪನವರು ಬರದೆ ಎಲೆ ಹಾಕುವಂತಿರಲಿಲ್ಲ. ಅವರು ಬಂದಾಗ ಹೊತ್ತು ಇಳಿದಿತ್ತು. ಉಂಡವರೆಲ್ಲ ಕೈ ತೊಳೆಯುವ ಮೊದಲೇ ಹಿತ್ತಲಿಗೆ ಓಡಿದರು. ಎಲ್ಲರಿಗಿಂತ ಮುಂದೆ ಫೌಜದಾರರು.

ಯಾರಿಗೂ ಜೀವಕ್ಕೇನೂ ಆಗಲಿಲ್ಲ. ಆದರೆ ಬೆಳಗಾಗುವಷ್ಟರಲ್ಲಿ ತುಳಸೀಬಾಯಿಯ ಹೆಸರು ಕೆಟ್ಟಿತ್ತು.

"ಹೋದ ವಾರ ಆಕಿ ಸಾರಿಗೆ ಉಪ್ಪು ಹೆಚ್ಚಾಗೇದ ಅಂತ ನಾಕ ಮಂದ್ಯಾಗ ಅಂದಿದ್ದೆ. ಆ ಸಿಟ್ಟಿಗೆ ಏನೋ ಹಾಕ್ಯಾಳ," ಎಂದರು ರುಕ್ಮಿಣೀಬಾಯಿ.

ಉಳಿದ ಸಾರನ್ನು ಸೀಸೆಗೆ ತುಂಬಿದ ಫೌಜದಾರರು, ಅರಗು ಹಚ್ಚಿ ಪರೀಕ್ಷೆಗೆ ಮುಂಬಯಿಗೆ ಕಳಿಸುತ್ತೇನೆಂದರು. ಅಲ್ಲಿಂದ ಉತ್ತರ ಬರುವಷ್ಟರಲ್ಲಿ ತುಳಸೀಬಾಯಿಯನ್ನು ಅಡುಗೆಮನೆಗೆ ಸೇರಿಸುವವರೇ ಇರುತ್ತಿರಲಿಲ್ಲ. ಕಟ್ಟೆಯ ಮೇಲೆ ಆಕೆ ಸೆರಗು ಬಾಯಿಗೆ ಹಿಡಿದು ಕೂತದ್ದನ್ನು ಕಂಡು ಮಾಸ್ತರರಿಗೆ ತಡೆಯಲಾಗಲಿಲ್ಲ. ವಿದ್ಯೆ ತೋರಿಸುವ ಚಪಲವೂ ಇತ್ತೆನ್ನಿ.

"ತಡೀರಿ ಫೌಜದಾರ, ಮೊದಲ ನಾ ನೋಡ್ತೇನಿ," ಎಂದರು.

ಸೀಸೆಯಿಂದ ಸ್ವಲ್ಪ ಸಾರನ್ನು ತೆಗೆದು, ಸೋಸಿ ಒಲೆಯ ಮೇಲೆ ಬತ್ತಿಸಿದರು. ಕ್ಯಾಲೆಂಡರ್ ತೂಗುಹಾಕಿದ್ದ ಕಬ್ಬಿಣದ ಮೊಳೆಯನ್ನು ಗೋಡೆಯಿಂದ ಕಿತ್ತು, ಹೊಳೆಯುವಂತೆ ತಿಕ್ಕಿ ಅದರಲ್ಲಿ ಅದ್ದಿದರು. ಫೌಜದಾರರು ಹೊಟ್ಟೆ ಹಿಡಿದುಕೊಂಡೇ ಬಗ್ಗಿ ನೋಡಿದರು. ಸ್ವಲ್ಪ ಹೊತ್ತಿಗೆ ಮೊಳೆ ಕೆಂಪಗಾಗಿ ಹೊರಬಂತು.

"ತಾಮ್ರ," ಎಂದರು ಮಾಸ್ತರರು. "ಸಾರಿನ್ಯಾಗಿಂದು ಮೊಳಿಗೆ ಹತ್ತೇದ. ಯಾರೂ ಏನೂ ಹಾಕಿಲ್ರಿ. ಅಷ್ಟೊತ್ತು ನಿಂತು ಹುಣಸಿಹುಳಿ ತಪೇಲಿ ತಾಮ್ರಾನ ತಿಂದದ. ಒಳಗ ತವರದ ಕಲಾಯಿ ಇದ್ದಿದ್ರ ಹುಳಿ ತಾಮ್ರಕ್ಕ ಮುಟ್ಟತಿದ್ದಿಲ್ಲ."

ಕಲಾಯಿ ಹಾಕುವ ಜಾಫರಸಾಬನಿಗೆ ಕರೆ ಹೋಯಿತು. ಆತ ತಪೇಲಿಯನ್ನು ಬಿಸಿಲಿಗೆ ಹಿಡಿದು ಒಳಗೆ ಕೈಯಾಡಿಸಿ ನೋಡಿದ.

"ದೀಪಾವಳಿಗೆ ಹಾಕಿ ಕೊಟ್ಟೀನ್ರಿ. ಬೆಳ್ಳಗ ಬೆಳ್ಳಿ ಹಂಗ ಇತ್ತು. ಇದನ್ನ ಯಾರೋ ತಿಕ್ಕಿ ತಗದಾರ."

"ತಿಕ್ಕದ ಏನ ಮಾಡ್ಲಿ?" ಎಂದು ರುಕ್ಮಿಣೀಬಾಯಿ ಒಳಗಿನಿಂದ ಬಂದರು. "ಪರರ ಕೈ ಆಡಿದ ಪಾತ್ರಿ ಮಡೀಗೆ ಹೆಂಗ ಬರಬೇಕು? ದಿನಾ ಎರಡ ಹೊತ್ತು ಇಟ್ಟಂಗಿ ಪುಡಿ, ಹುಣಸಿಹಣ್ಣು ಹಚ್ಚಿ ತಿಕ್ಕೇನಿ."

ಅವರಿಗೆ ಕಲಾಯಿ ಬೇಕು, ಕಲಾಯಿಗಾರನ ಕೈ ಬೇಡ. ಆ ಕೈಯ ಮೈಲಿಗೆ ತೊಳೆಯಲು ಹೋಗಿ ಕಲಾಯಿಯನ್ನೇ ತೊಳೆದಿದ್ದರು.

"ಹಂಗಾದ್ರ ತಪ್ಪ ಯಾರದ್ರಿ ಮಾಸ್ತರ?" ಎಂದು ಫೌಜದಾರರು ಮೆಲ್ಲಗೆ ಕೇಳಿದರು.

ಮಾಸ್ತರರು ಜಂತಿ ನೋಡಿದರು, ಗೋಡೆಯ ತೂತು ನೋಡಿದರು. ಓಣಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು.

"ಹೇಳಪಾ ಪಂಢರಿ," ಎಂದರು ತಾಯಿ. "ರಸಾಯನಕ್ಕ ಬಳಗಿಲ್ಲ ಅಂತಿದ್ದೆಲ್ಲ."

"ನಿಂದ, ಅವ್ವಾ," ಎಂದರು ಮಾಸ್ತರರು. ಆ ದನಿ ಅವರಿಗೇ ಸರಿಯಾಗಿ ಕೇಳಿಸಲಿಲ್ಲ.

ಫೌಜದಾರರು ಸೀಸೆಯನ್ನು ಗಟಾರಕ್ಕೆ ಸುರುವಿದರು. ರುಕ್ಮಿಣೀಬಾಯಿ ಎಲ್ಲರೆದುರೇ ಕಟ್ಟೆಗೆ ಇಳಿದು ಬಂದರು.

"ತಪ್ಪಾತು ತುಳಸಾ. ನಾಳೆ ದ್ವಾದಶಿ, ಅಡಗಿಗೆ ಬಾ. ಮೊದಲ ತುತ್ತು ನಾನ ಉಣ್ಣತೇನಿ."

ತುಳಸೀಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು.

"ಬರ್ತೇನ್ರಿ," ಎಂದಳು. "ಪಾತ್ರಿ ಮಾತ್ರ ನಾನ ತಿಕ್ಕಾಕಿ."