ಯುದ್ಧದ ಕೋಲು ಎಳೆದ ತ್ಯಾಂಪಣ್ಣ

ಗುತ್ತಿಗಾರು ಪೇಟೆಯ ಹೋಟೆಲಿನ ಒಲೆಗೆ ಇನ್ನೂ ಬೆಂಕಿ ಬಿದ್ದಿಲ್ಲ. ಕೋಳಿ ಕೂಗಿ ಆಗಿದೆ. ಆಟಿ ತಿಂಗಳ, ಎಂದರೆ ಆಷಾಢದ ಮಳೆ ರಾತ್ರಿಯೆಲ್ಲ ಹೊಯ್ದು ಈಗಷ್ಟೇ ಉಸಿರು ಬಿಡುತ್ತಿದೆ. ಅಂಗಡಿ ಜಗಲಿಯ ಮುಂದೆ ನಿಂತ ಜೀಪಿನ ಅಡಿಯಿಂದ ಎರಡು ಕಾಲು ಹೊರಗೆ ಚಾಚಿಕೊಂಡಿವೆ. ಹೊಸಬರು ಕಂಡರೆ ಯಾರೋ ಅಪ್ಪಚ್ಚಿಯಾದರು ಎಂದು ಬೊಬ್ಬೆ ಹೊಡೆದಾರು. ಊರಿನವರು ಆ ಕಾಲುಗಳನ್ನು ದಾಟಿಕೊಂಡು ಹಾಲು ತರಲು ಹೋಗುತ್ತಾರೆ. ಅವು ತ್ಯಾಂಪಣ್ಣನ ಕಾಲು.

ಅಡಿಯಲ್ಲಿ ಆತ ಮಾಡುವುದು ಒಂದೇ ಕೆಲಸ. ಎಂಜಿನಿನಿಂದ ಮುಂದಿನ ಚಕ್ರಗಳಿಗೆ ಹೋಗುವ ಕಬ್ಬಿಣದ ದಂಡವೊಂದಿದೆ. ಅದನ್ನು ಬರಿಗೈಯಲ್ಲಿ ತಡವಿ, ತಿರುಗಿಸಿ, ಕೀಲಿಗೆ ಗ್ರೀಸು ಮೆತ್ತಿ ಹೊರಗೆ ಬರುತ್ತಾನೆ. ಮಂಡೆಗೆ ಕಟ್ಟಿದ ಬೈರಾಸಿನಲ್ಲೇ ಕೈ ಒರಸಿಕೊಳ್ಳುತ್ತಾನೆ. ರೇಡಿಯೇಟರಿಗೆ ಒಂದು ಚೊಂಬು ನೀರು. ಆಮೇಲೆ ಮುಂದಿನಿಂದ ಹ್ಯಾಂಡಲು ತುರುಕಿ ಒಂದು ತಿರುವು. ಜೀಪು ಕೆಮ್ಮುತ್ತದೆ. ಇನ್ನೊಂದು ತಿರುವಿಗೆ ಎದ್ದು ಕೂರುತ್ತದೆ. ಅಷ್ಟರಲ್ಲಿ ಕೊಡೆ ಮಡಚಿ, ಸೀರೆ ಎತ್ತಿಕಟ್ಟಿ, ಬುಟ್ಟಿ ಹೊತ್ತು ಬಂದ ಜನ ಒಳಗೆ ಒತ್ತಿಕೊಂಡು ಕೂತಿದ್ದಾಗಿದೆ. ಎಲ್ಲರೂ ಪೆರ್ಲಕಜೆಗೆ ಹೋಗುವವರು.

ಪೆರ್ಲಕಜೆಗೆ, ಮಳೆಗಾಲದಲ್ಲಿ, ಜೀಪಿನಲ್ಲಿ! ಏಳು ವರ್ಷದ ಹಿಂದೆ ಈ ಮಾತು ಆಡಿದವನಿಗೆ ಜನ ಮಂಡೆಗೆ ಎಣ್ಣೆ ಹಚ್ಚಿಸುತ್ತಿದ್ದರು. ಈಗ 1966. ಈಗ ಅದೊಂದು ಸುದ್ದಿಯೇ ಅಲ್ಲ. ಸುದ್ದಿಯೇ ಅಲ್ಲದ ಹಾಗೆ ಮಾಡಿದ್ದೇ ಈ ಮನುಷ್ಯನ ದೊಡ್ಡಸ್ತಿಕೆ.

ತ್ಯಾಂಪಣ್ಣ ಬೆಟ್ಟಂಪಾಡಿಯ ಕಡೆಯವನು. ಹುಟ್ಟಿನಿಂದ ಗಾಡಿಯವನು, ಅಂದರೆ ಎತ್ತಿನ ಗಾಡಿಯವನು. ಅಕ್ಕಿಮುಡಿ, ಉಪ್ಪು, ಹಂಚು ಹೇರಿಕೊಂಡು ಪುತ್ತೂರಿಗೂ ಸುಳ್ಯಕ್ಕೂ ಎತ್ತುಗಳ ಬಾಲ ನೋಡುತ್ತಲೇ ಅರ್ಧ ಆಯುಷ್ಯ ಕಳೆದವನು. ಲಾರಿಗಳು ಬಂದವು, ಗಾಡಿ ಕೇಳುವವರು ಕಮ್ಮಿಯಾದರು. ಗುತ್ತಿಗಾರಿನ ಬೆಳ್ಯಪ್ಪ ಗೌಡರು ಮಿಲಿಟರಿ ಏಲಂನಲ್ಲಿ ಹಳೇ ಜೀಪೊಂದನ್ನು ಹಿಡಿದು ತಂದಾಗ, ತ್ಯಾಂಪಣ್ಣ ಎತ್ತುಗಳನ್ನು ಮಾರಿ ಅವರ ಡ್ರೈವರನಾಗಿ ಸೇರಿಕೊಂಡ. ಪುತ್ತೂರಿನಲ್ಲಿ ಸಾಹುಲ್ ಹಮೀದ್ ಎಂಬ ಲಾರಿ ಡ್ರೈವರ್ ಕಲಿಸಿಕೊಟ್ಟ ವಿದ್ಯೆ. ಕ್ಲಚ್ಚು, ಬ್ರೇಕು, ಗೇರು ಎಲ್ಲ ಬಂತು. ಜೀಪಿನ ಸ್ಟೇರಿಂಗ್ ಎಡಗಡೆ ಇದ್ದದ್ದು ಮಾತ್ರ ಕೆಲವು ದಿನ ಕಾಡಿತು.

ವಿದ್ಯೆ ಬಂದರೂ ಗಾಡಿಯ ಬುದ್ಧಿ ಹೋಗಲಿಲ್ಲ. ಭಾರದ ಗಾಡಿ ಇಳಿಜಾರಿನಲ್ಲಿ ಎತ್ತಿನ ಮೇಲೆ ನುಗ್ಗದ ಹಾಗೆ ಹಿಂದೆ ಒಂದು ಮರದ ತುಂಡು ಕಟ್ಟಿ ಎಳೆದುಕೊಂಡು ಇಳಿಯುವುದು ಈ ಕಡೆಯ ಕ್ರಮ. ತ್ಯಾಂಪಣ್ಣ ಜೀಪಿಗೂ ಅದನ್ನೇ ಮಾಡಿದ. ಗುಡ್ಡದ ತುದಿಯಲ್ಲಿ ಜೀಪು ನಿಲ್ಲಿಸುವುದು, ಹಗ್ಗ ಬಿಚ್ಚುವುದು, ಹಲಸಿನ ದಿಮ್ಮಿಯೊಂದನ್ನು ಹಿಂದೆ ಕಟ್ಟುವುದು, ಧೂಳೆಬ್ಬಿಸಿಕೊಂಡು ಇಳಿಯುವುದು. ನೋಡಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆತ ತಲೆ ಕೆಡಿಸಿಕೊಳ್ಳಲಿಲ್ಲ. "ಅವರಿಗೆ ನಗಾಡುದು ಸುಲಭ. ಬ್ರೇಕ್ ಕೈ ಕೊಟ್ರೆ ಗುಂಡಿಗೆ ಬೀಳುದು ನಾನಲ್ವಾ?" ಎಂದು ಈಗಲೂ ಕೇಳುತ್ತಾನೆ.

ಇನ್ನೊಂದು ತಮಾಷೆ ಇದಕ್ಕಿಂತ ದೊಡ್ಡದು. ಜೀಪಿನಲ್ಲಿ ಗೇರಿನ ಕೋಲಿನ ಪಕ್ಕದಲ್ಲಿ ಇನ್ನೂ ಎರಡು ಸಣ್ಣ ಕೋಲುಗಳಿದ್ದವು. ಸಾಹುಲ್ ಹಮೀದನ ಲಾರಿಯಲ್ಲಿ ಅಂಥದ್ದು ಇರಲಿಲ್ಲ, ಹಾಗಾಗಿ ಆತನಿಗೂ ಗೊತ್ತಿಲ್ಲ. ಇದು ಮಿಲಿಟರಿಯ ಜೀಪು, ಆದ್ದರಿಂದ ಅವು ಯುದ್ಧದ ಕೋಲುಗಳೇ ಆಗಿರಬೇಕೆಂದು ಬೆಳ್ಯಪ್ಪ ಗೌಡರು ತೀರ್ಮಾನ ಮಾಡಿದರು. ಎಳೆದರೆ ಎಲ್ಲಿಂದ ಎಂತ ಹಾರುತ್ತದೋ ಯಾರಿಗೆ ಗೊತ್ತು? ತೆಂಗಿನ ನಾರಿನ ಹಗ್ಗದಿಂದ ಎರಡನ್ನೂ ಬಿಗಿದು ಕಟ್ಟಿಸಿದರು. ಆಯುಧಪೂಜೆಯ ದಿನ ಜೀಪಿಗೆ ಒಂದು ಕಾಯಿ, ಆ ಕೋಲುಗಳಿಗೆ ಬೇರೆಯೇ ಒಂದು ಕಾಯಿ. ನಿಜವಾದ ಆಯುಧ ಅದುವೇ ಅಲ್ಲವೇ! ತ್ಯಾಂಪಣ್ಣನೂ ಕಮ್ಮಿಯವನಲ್ಲ, ಕೋಲಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ.

ಹೀಗೆ ಬೇಸಗೆಯೆಲ್ಲ ಜೀಪು ಓಡಿತು. ಮಳೆ ಹಿಡಿದ ಕೂಡಲೇ ಕಥೆ ಮುಗಿಯಿತು. ಕೆಸರಿನಲ್ಲಿ ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಹೊಂಡ ತೋಡಿತೇ ಹೊರತು ಒಂದು ಮಾರು ಮುಂದೆ ಹೋಗಲಿಲ್ಲ. ಜೀಪು ಕೊಟ್ಟಿಗೆ ಸೇರಿತು, ತ್ಯಾಂಪಣ್ಣ ಗದ್ದೆ ಕೆಲಸಕ್ಕೆ ಇಳಿದ. ಕೊಟ್ಟಿಗೆಯಲ್ಲಿ ತುಕ್ಕು ತಿನ್ನುವ ಜೀಪಿಗಿಂತ ಎಮ್ಮೆ ವಾಸಿ ಎಂದು ಗೌಡರು ಗೊಣಗತೊಡಗಿದರು. ಮಾರಿಬಿಡುತ್ತೇನೆ ಎಂಬ ಮಾತೂ ಬಂತು. ಎತ್ತು ಮಾರಿ ಬಂದವನಿಗೆ ಹಿಂದಿರುಗಲು ದಾರಿಯಿರಲಿಲ್ಲ.

ಈಗ ಪೆರ್ಲಕಜೆಯ ವಿಷಯ. ಗುತ್ತಿಗಾರಿನಿಂದ ಆಚೆ, ಬೋರಿಕುಳ್ಳು ಎಂಬ ಏರು ಹತ್ತಿದರೆ ಸಿಗುವ ಮೇಲಿನ ಊರು ಅದು. ಬೋರಿ ಎಂದರೆ ತುಳುವಿನಲ್ಲಿ ಎತ್ತು. ಎಂಥ ಎತ್ತಾದರೂ ಅಲ್ಲಿಗೆ ಬಂದರೆ ಕೂತುಬಿಡುತ್ತದೆ, ಅದಕ್ಕೇ ಆ ಹೆಸರು. ಮಳೆಗಾಲದಲ್ಲಿ ಆ ಏರು ಬರೀ ಜಾರುವ ಕೆಂಪು ಮಣ್ಣು. ಮದುವೆಯಾಗಿ ಹೋದ ಹೆಣ್ಣುಮಗಳನ್ನು ಮೊದಲ ವರ್ಷ ಆಟಿ ತಿಂಗಳಲ್ಲಿ ತವರಿಗೆ ಕರೆತಂದು ಕೂರಿಸಿಕೊಳ್ಳುವುದು ಈ ಸೀಮೆಯಲ್ಲಿ ತಪ್ಪದ ಕಟ್ಟಳೆ. ಪೆರ್ಲಕಜೆಗೆ ಹೋದ ಸೊಸೆಯರಿಗೆ ಆ ಭಾಗ್ಯವಿಲ್ಲ. ಜಾರಿ ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡ ಮೇಲೆ ಯಾವ ಅತ್ತೆ ತಾನೇ ಕಳಿಸಿಯಾಳು? ಹೀಗಾಗಿ ಆ ಊರಿಗೆ ಹೆಣ್ಣು ಕೊಡುವವರೇ ಇಲ್ಲವಾದರು. ಗಂಡುಗಳಿಗೆ ಮೀಸೆ ನರೆತರೂ ಬಾಸಿಂಗದ ಸುದ್ದಿಯಿಲ್ಲ.

ಬೆಳ್ಯಪ್ಪ ಗೌಡರ ಅಕ್ಕ ದುಗ್ಗಮ್ಮನ ಮನೆ ಇದ್ದದ್ದು ಅಲ್ಲಿಯೇ. ಅವರ ಮಗ ಬೋಜಪ್ಪನಿಗೆ ಹೆಣ್ಣು ಹುಡುಕಿ ಹುಡುಕಿ ಕಡೆಗೆ ಮಂಡೆಕೋಲಿನ ಕುಮುದಿನಿ ಎಂಬ ಹುಡುಗಿ ಗೊತ್ತಾಯಿತು. ಹುಡುಗಿಯ ತಂದೆ ವೀಳ್ಯ ಕೈಯಲ್ಲಿ ಹಿಡಿದು, ಆಟಿಗೆ ಮಗಳು ಮನೆಗೆ ಬರಬೇಕಲ್ಲ, ಅದು ಹೇಗೆ ಎಂದು ಕೇಳಿದರು. ಗೌಡರಿಗೆ ಅದೆಲ್ಲಿಂದ ಹುಮ್ಮಸ್ಸು ಬಂತೋ, ನನ್ನ ಜೀಪುಂಟು, ಅಂಗಳದಿಂದ ಅಂಗಳಕ್ಕೆ ತಂದು ಬಿಡುತ್ತೇನೆ ಎಂದು ನಾಲ್ಕು ಜನರ ಮುಂದೆ ಮಾತು ಕೊಟ್ಟುಬಿಟ್ಟರು. ಹಿಂದೆ ನಿಂತಿದ್ದ ತ್ಯಾಂಪಣ್ಣನಿಗೆ ಬಾಯಲ್ಲಿದ್ದ ಎಲೆಯಡಿಕೆ ಗಂಟಲಿಗೆ ಸಿಕ್ಕಿತು.

ಮದುವೆ ಮುಗಿದು 1959ರ ಆಟಿ ಬಂತು, ಮಳೆ ಬಿಡಲಿಲ್ಲ. ಮಂಡೆಕೋಲಿನಿಂದ ಜನ ಬಂತು. ಮಗಳನ್ನು ಕರೆತಂದರೆ ಸಂತೋಷ, ಇಲ್ಲವಾದರೆ ನಾವೇ ಬಂದು ಕರೆದೊಯ್ಯುತ್ತೇವೆ, ಆಮೇಲೆ ಕಳಿಸುವ ಮಾತಿಲ್ಲ ಎಂದು ಅವರು ಖಡಾಖಂಡಿತ ಹೇಳಿ ಹೋದರು. ಗೌಡರ ಮುಖ ಕಪ್ಪಿಟ್ಟಿತು. ಕೊಟ್ಟಿಗೆಗೆ ಬಂದು ತ್ಯಾಂಪಣ್ಣನಿಗೆ ಹೇಳಿದ್ದು ಇಷ್ಟೆ: "ನಾಳೆ ಇದು ಬೋರಿಕುಳ್ಳು ಹತ್ತಬೇಕು. ಹತ್ತದಿದ್ರೆ ನಾಡಿದ್ದೇ ಇದನ್ನು ಮಾರುದು. ನೀನು ಬೇರೆ ಕೆಲಸ ನೋಡಿಕೊ."

ಆ ಸಂಜೆ ತ್ಯಾಂಪಣ್ಣನ ಪಾಲಿಗೆ ದೇವರ ಹಾಗೆ ಬಂದವರು ತೀರ್ಥರಾಮ. ಮಿಲಿಟರಿಯಲ್ಲಿ ಇಂಥದ್ದೇ ಜೀಪು ಓಡಿಸಿ, ಪಿನ್ಶನ್ ತೆಗೆದುಕೊಂಡು ಆ ವಾರವಷ್ಟೇ ಊರಿಗೆ ಮರಳಿದ್ದ ನೆರೆಯವರು. ಹಗ್ಗ ಸುತ್ತಿ, ಕುಂಕುಮ ಮೆತ್ತಿದ್ದ ಕೋಲುಗಳನ್ನು ಕಂಡು ಇದೆಂತ ಎಂದು ಕೇಳಿದರು. ಯುದ್ಧದ್ದು ಎಂದ ತ್ಯಾಂಪಣ್ಣ, ತಗ್ಗಿದ ಸ್ವರದಲ್ಲಿ. ತೀರ್ಥರಾಮರು ನಕ್ಕು ನಕ್ಕು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು.

ನಗು ನಿಂತ ಮೇಲೆ ಇಬ್ಬರೂ ಜೀಪಿನ ಅಡಿಗೆ ನುಸುಳಿದರು. ಮುಂದಿನ ಚಕ್ರಕ್ಕೆ ಹೋಗುವ ದಂಡವನ್ನು ತೀರ್ಥರಾಮರು ತೋರಿಸಿದರು. ಒಂದು ಕೋಲು ಎಳೆದರೆ ಮುಂದಿನ ಚಕ್ರಗಳಿಗೂ ಎಂಜಿನಿನ ಶಕ್ತಿ ಸಿಗುತ್ತದೆ, ನಾಲ್ಕೂ ಸೇರಿ ದುಡಿಯುತ್ತವೆ. ಇನ್ನೊಂದು ಕೋಲು ಎಳೆದರೆ ವೇಗ ಕಮ್ಮಿ, ಬಲ ಹೆಚ್ಚು. ಜೀಪು ನಿಲ್ಲಿಸಿಕೊಂಡು ಮೊದಲು ಚಕ್ರದ ಕೋಲು, ಆಮೇಲೆ ಬಲದ ಕೋಲು. ಹಿಂದುಮುಂದು ಮಾಡಿದರೆ ಎರಡನೆಯದು ಬೀಳುವುದೇ ಇಲ್ಲ. ಗಾಡಿಯವನಿಗೆ ಇಷ್ಟು ಸಾಕಾಯಿತು. "ಎರಡು ವರ್ಷ ಮಾರಾಯ್ರೆ, ನಾಲ್ಕು ಎತ್ತು ಕಟ್ಟಿದ ಗಾಡಿಯನ್ನು ನಾನು ಎರಡೇ ಎತ್ತಿನಲ್ಲಿ ಎಳೆಸಿದ್ದು. ಮುಂದಿನ ಜೋಡಿಯನ್ನು ಹಗ್ಗದಲ್ಲಿ ಕಟ್ಟಿಹಾಕಿ ಪೂಜೆ ಮಾಡಿದ್ದು!" ಎಂದು ಆತ ಇಂದಿಗೂ ಹಣೆ ಚಚ್ಚಿಕೊಳ್ಳುತ್ತಾನೆ. ಕತ್ತಲಾಗುವ ಮೊದಲು ಉತ್ತು ಬಿಟ್ಟಿದ್ದ ಗದ್ದೆಯೊಂದಕ್ಕೆ ಜೀಪು ಇಳಿಸಿ, ಕೆಸರಿನಲ್ಲೇ ಸುತ್ತು ಹೊಡೆಸಿ, ಇಬ್ಬರೂ ಮಣ್ಣಿನ ಮುದ್ದೆಗಳಾಗಿ ಮನೆಗೆ ಹೋದರು.

ಮರುದಿನ ಹಿಂದಿನ ಸೀಟಿನಲ್ಲಿ ಕೊಡೆ ಹಿಡಿದು ಬೆಳ್ಯಪ್ಪ ಗೌಡರು, ಸ್ಟೇರಿಂಗಿನಲ್ಲಿ ತ್ಯಾಂಪಣ್ಣ. ಏರಿನ ಬುಡದಲ್ಲಿ ನಿಲ್ಲಿಸಿ ಕೋಲುಗಳನ್ನು ಎಳೆದಾಗ ಗೌಡರು ಕಣ್ಣು ಮುಚ್ಚಿ ಕುಲದೈವವನ್ನು ನೆನೆದರು. ಎಂತದೂ ಹಾರಲಿಲ್ಲ. ಒಂದನೇ ಗೇರಿನಲ್ಲಿ ಜೀಪು ಗುರುಗುಡುತ್ತ ಆಮೆಯ ಹಾಗೆ ಹತ್ತತೊಡಗಿತು. ಮೊದಲ ತಿರುವು ಕಳೆಯಿತು. ಎರಡನೇ ತಿರುವಿನಲ್ಲಿ ಜೀಪಿನ ಮೂತಿ ಸ್ವಲ್ಪ ಜಾರಿದ್ದೇ ತಡ, ತ್ಯಾಂಪಣ್ಣನ ಕಾಲು ಹಳೇ ಚಾಳಿಯಂತೆ ಕ್ಲಚ್ಚನ್ನು ಒತ್ತಿಬಿಟ್ಟಿತು. ಹಿಡಿತ ತಪ್ಪಿದ ಜೀಪು ಸರ್ರನೆ ಹಿಂದೆ ಬಂತು. ಗೌಡರು ಕೊಡೆ ಸಮೇತ ಹೊರಗೆ ಹಾರಿದರು.

ಪುಣ್ಯಕ್ಕೆ ಹಿಂದಿನ ಚಕ್ರ ಪಕ್ಕದ ದಿಬ್ಬ ಕಡಿದ ಬರೆಯ ಮಣ್ಣಿಗೆ ಆತು ನಿಂತಿತು. ಒಂದು ಬದಿ ಬರೆ, ಇನ್ನೊಂದು ಬದಿ ಕೆಳಗೆ ನೀರು ಹರಿಯುವ ತೋಡು. ಇಳಿದು ಬಾ, ಜೀಪು ಹಾಳಾಗಿ ಹೋಗಲಿ ಎಂದು ಗೌಡರು ಕೆಸರಿನಲ್ಲಿ ಕೂತೇ ಕರೆದರು. ತ್ಯಾಂಪಣ್ಣ ಇಳಿಯಲಿಲ್ಲ. ಇಳಿದರೆ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು. ಕ್ಲಚ್ಚನ್ನು ನಿಧಾನ, ತೀರಾ ನಿಧಾನ ಬಿಟ್ಟ. ನಾಲ್ಕೂ ಚಕ್ರ ಮಣ್ಣನ್ನು ಕಚ್ಚಿದವು. ಆಮೇಲೆ ಎಡಗಾಲನ್ನು ಕ್ಲಚ್ಚಿನಿಂದ ತೆಗೆದು ಸೀಟಿನ ಅಡಿಗೆ ಮಡಚಿ ಇಟ್ಟುಕೊಂಡ, ಮತ್ತೆ ಹೋಗಿ ಒತ್ತಬಾರದೆಂದು. ಜೀಪು ಎರಡನೇ ತಿರುವು ಹತ್ತಿತು. ಮೂರನೆಯದನ್ನೂ ಹತ್ತಿತು. ಹಿಂದಿನಿಂದ ಗೌಡರು ಚಪ್ಪಲಿ ಕೈಯಲ್ಲಿ ಹಿಡಿದು ಓಡೋಡಿ ಬರುತ್ತಿದ್ದರು.

ಪೆರ್ಲಕಜೆಯಲ್ಲಿ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಮಳೆಗಾಲದಲ್ಲಿ ಆ ಊರು ಎಂಜಿನಿನ ಸದ್ದು ಕೇಳಿದ್ದು ಅದೇ ಮೊದಲು. ಮಳೆಗೆ ಓಲೆಯ ಗೊರಬೆ ಹೊತ್ತ ಹೆಂಗಸರು ನೇಜಿ ನೆಡುವುದನ್ನು ಬಿಟ್ಟು ಗದ್ದೆಯಿಂದ ಓಡಿಬಂದರು. ಕುಮುದಿನಿ ಪೆಟ್ಟಿಗೆ ಹಿಡಿದು ತಯಾರಾಗಿದ್ದಳು, ದುಗ್ಗಮ್ಮನ ಕಣ್ಣಲ್ಲಿ ಮಾತ್ರ ಭಯ. ಹತ್ತಿದ್ದು ಹೌದು, ಸೊಸೆಯನ್ನು ಕೂರಿಸಿಕೊಂಡು ಇಳಿಯಬೇಕಲ್ಲ! ತ್ಯಾಂಪಣ್ಣನ ಹಳೇ ಕ್ರಮ ಗೊತ್ತಿದ್ದ ಅವರು ದಿಮ್ಮಿಯನ್ನೂ ಹಗ್ಗವನ್ನೂ ತರಿಸಿ ಇಟ್ಟಿದ್ದರು. ತ್ಯಾಂಪಣ್ಣ ಅದನ್ನು ಬದಿಗೆ ಸರಿಸಿದ.

"ಮರ ಬೇಡ ದುಗ್ಗಕ್ಕ. ಕಟ್ಟುವ ಮರ ಇದರ ಹೊಟ್ಟೆಯಲ್ಲೇ ಉಂಟು," ಎಂದ.

ಮತ್ತೆ ಅದೇ ಕೋಲು, ಅದೇ ಒಂದನೇ ಗೇರು. ಎಂಜಿನೇ ಜೀಪನ್ನು ಹಿಂದಿನಿಂದ ಹಿಡಿದುಕೊಂಡಿತು. ಬೋರಿಕುಳ್ಳಿನ ತುದಿಯಿಂದ ಬುಡದವರೆಗೆ ತ್ಯಾಂಪಣ್ಣ ಬ್ರೇಕನ್ನೂ ಮುಟ್ಟಲಿಲ್ಲ, ಕ್ಲಚ್ಚನ್ನೂ ಮುಟ್ಟಲಿಲ್ಲ. ಅರ್ಧ ಊರೇ ಪಕ್ಕದಲ್ಲಿ ನಡೆದುಕೊಂಡು ಬಂತು, ಎಲ್ಲರ ದೃಷ್ಟಿ ಅವನ ಕಾಲಿನ ಮೇಲೆ. ಬುಡ ಮುಟ್ಟಿದಾಗ ಯಾರೋ ಕೂ ಹಾಕಿದರು. ಅದು ಗುಡ್ಡದಿಂದ ಗುಡ್ಡಕ್ಕೆ ಹೋಯಿತು. ಕತ್ತಲಾಗುವ ಮುಂಚೆ ಕುಮುದಿನಿ ಮಂಡೆಕೋಲಿನ ತವರಿನ ಜಗಲಿಯಲ್ಲಿದ್ದಳು. ಬೆಳ್ಯಪ್ಪ ಗೌಡರು ಬೀಗರ ಮುಂದೆ ಕಾಲಮೇಲೆ ಕಾಲು ಹಾಕಿ ಕೂತು, ಏರು ಹತ್ತಿದ್ದನ್ನು ತಾವೇ ಜೀಪಿನಲ್ಲಿ ಕೂತು ಕಂಡವರ ಹಾಗೆ ವರ್ಣಿಸಿದರು. ತ್ಯಾಂಪಣ್ಣ ತಲೆ ತಗ್ಗಿಸಿ ಪಾಯಸ ಉಂಡ.

ಜೀಪು ಮಾರುವ ಮಾತು ಮತ್ತೆ ಎತ್ತಲಿಲ್ಲ. ಈಗ ದಿನಕ್ಕೆ ಎರಡು ಸಲ ಮೇಲೆ, ಎರಡು ಸಲ ಕೆಳಗೆ. ಒಂದು ಸಲಕ್ಕೆ ಹನ್ನೆರಡು ಜನ, ಸಂತೆಯ ದಿನ ಲೆಕ್ಕ ಹಿಡಿಯುವವರಿಲ್ಲ. ಮಡ್ಗಾರ್ಡಿನ ಮೇಲೆ ಕೂತವರನ್ನು ಜನ ಎಂದು ಎಣಿಸುವ ಕ್ರಮವೂ ಇಲ್ಲ. ಅದರ ನಡುವೆ ಕೋಳಿ, ಅಕ್ಕಿಮುಡಿ, ಜ್ವರದವರು, ಬಸುರಿಯರು. ಕಡಬದ ಕಡೆಯ ಡ್ರೈವರುಗಳೂ ಬಂದು ಇವನಿಂದ ಕೋಲಿನ ವಿದ್ಯೆ ಕಲಿತು ಹೋಗಿದ್ದಾರೆ. ಟಾರು ರಸ್ತೆ ಸಿಕ್ಕಿದ ಕೂಡಲೇ ಮುಂದಿನ ಜೋಡಿಯನ್ನು ಬಿಡಿಸಿಬಿಡಬೇಕು ಎಂದು ಎಲ್ಲರಿಗೂ ತಪ್ಪದೆ ಹೇಳುತ್ತಾನೆ. ಇಲ್ಲದಿದ್ದರೆ ಸ್ಟೇರಿಂಗ್ ಬಿಗಿಯುತ್ತದೆ, ಟಯರು ಸವೆಯುತ್ತದೆ. ಬಂದವರಿಗೆ ಚಾ ಕುಡಿಸಿಯೇ ಕಳಿಸುವುದು.

ಪೆರ್ಲಕಜೆಯಲ್ಲಿ ಈಗ ಮದುವೆಯಾಗದೆ ಉಳಿದ ಗಂಡುಗಳನ್ನು ಹುಡುಕಬೇಕು. ಆಟಿ ಬಂತೆಂದರೆ ತ್ಯಾಂಪಣ್ಣನಿಗೆ ಪುರುಸೊತ್ತಿಲ್ಲ. ಇವತ್ತೂ ಮೇಲಿನಿಂದ ಒಬ್ಬಳು ಹೊಸ ಸೊಸೆಯನ್ನು ಇಳಿಸಿ, ಸುಳ್ಯದ ಬಸ್ಸಿಗೆ ಹತ್ತಿಸಿ ಬಂದು ಹೋಟೆಲಿನ ಬೆಂಚಿನಲ್ಲಿ ಕೂತಿದ್ದಾನೆ. ಇಷ್ಟು ವರ್ಷ ದುಡಿದದ್ದಕ್ಕೆ ಇನ್ನೇನಾದರೂ ಆಸೆ ಉಂಟೋ ಎಂದು ಕೇಳಿದರೆ ಮೊದಲು ನಗುತ್ತಾನೆ. ಸ್ವಂತ ಜೀಪಿನ ಮಾತು ಬರಬಹುದು ಎಂದುಕೊಂಡರೆ ಅದು ಬರುವುದಿಲ್ಲ. ಚಾದ ಗ್ಲಾಸು ಕೆಳಗಿಟ್ಟು, ದೊಡ್ಡ ಮಗಳು ವಾರಿಜಾಕ್ಷಿಗೆ ಗಂಡು ನೋಡುತ್ತಿದ್ದೇವೆ ಎಂದು ಹೇಳುತ್ತಾನೆ. ಪುತ್ತೂರಿನಿಂದಲೂ ಸಂಬಂಧ ಬಂದಿದೆಯಂತೆ, ಒಳ್ಳೆಯ ಜನವಂತೆ.

"ಆದ್ರೆ ನನಗೆ ಅವಳನ್ನು ಪೆರ್ಲಕಜೆಗೇ ಕೊಡಬೇಕು ಅಂತ ಮನಸ್ಸುಂಟು," ಎನ್ನುತ್ತಾನೆ ತ್ಯಾಂಪಣ್ಣ. "ಆಟಿಗೆ ನಾನೇ ಹೋಗಿ ಕರ್ಕೊಂಡು ಬರ್ತೇನೆ."