ಎರಡು ಬೆರಳು ಹೆಚ್ಚಿಗೆ ಬರೆಸಿದ ಅಳತೆ

ನನಗೆ ಹೇಳದೆ ಮೊದಲು ಬಿಟ್ಟು ಹೋದದ್ದು ಬಲಗಾಲಿನ ಚಪ್ಪಲಿ. ನಡೆಯುವಾಗ ಕಳಚಿ ಬೀಳುತ್ತಿತ್ತು, ಗೊತ್ತೇ ಆಗುತ್ತಿರಲಿಲ್ಲ. ಕಾರ್ಕಳದ ನಮ್ಮ ಕೊರಗರ ಕಾಲೊನಿಯಿಂದ ಶಾಲೆಯವರೆಗೆ ನಾನು ಉದುರಿಸಿದ್ದನ್ನೆಲ್ಲ ಹೆಕ್ಕಿದರೆ ಒಂದು ಅಂಗಡಿಯೇ ಇಡಬಹುದು. ಬೋರ್ಡಿನಲ್ಲಿ ‘ಬಲಗಾಲಿನದ್ದು ಮಾತ್ರ’ ಎಂದು ಬರೆಯಬೇಕು, ಅಷ್ಟೇ.

ಆಗ ನನಗೆ ಹನ್ನೊಂದು ವರ್ಷ. ಅಮ್ಮ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಫುಟ್ ಡ್ರಾಪ್.

ಹೆಸರು ಸ್ಟೈಲಾಗಿದೆ ಎಂದು ನನಗೆ ಖುಷಿ. ಡಾಕ್ಟರ್ ನಗಲಿಲ್ಲ. “ಪಾದ ಎತ್ತುವ ಶಕ್ತಿ ಹೋಗಿದೆ ಅಮ್ಮಾ. ಎಎಫ್‌ಓ ಅಂತ ಪ್ಲಾಸ್ಟಿಕ್ಕಿನ ಬೂಟು ಉಂಟು, ಹಾಕ್ಲೇಬೇಕು. ಇಲ್ಲದಿದ್ರೆ ಹಿಮ್ಮಡಿ ನೆಲ ಮುಟ್ಟುವುದೇ ನಿಲ್ತದೆ. ಮತ್ತೆ ಆಪರೇಷನ್ನೇ.”

ಬೂಟು ಸರಕಾರದಿಂದ ಉಚಿತ. ಡಾಕ್ಟರ್ ಅಳತೆ ಬರೆದುಕೊಟ್ಟ ಚೀಟಿ ಸೇರಿಸಿ ಅಂಗವಿಕಲರ ಇಲಾಖೆಗೆ ಅರ್ಜಿ ಹಾಕಿದೆವು. ಒಂದು ವರ್ಷ ಉತ್ತರವೇ ಇಲ್ಲ. ಹೀಗೇ ಕಾಯುತ್ತಿದ್ದ ಕಾಲೊನಿಯ ಇನ್ನಿಬ್ಬರು ಮಕ್ಕಳನ್ನೂ ಸೇರಿಸಿ ನಮ್ಮ ಟೀಚರ್ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಬರೆದುಕೊಟ್ಟರು. ಆಮೇಲೆ ಇಲಾಖೆಗೆ ನನ್ನ ಕಾಲಿನ ನೆನಪಾಯಿತು. ಕಾಪುವಿನಲ್ಲಿ ಕ್ಯಾಂಪ್ ಇಟ್ಟು ಟೇಪ್ ಹಿಡಿದು ಅಳತೆ ತೆಗೆದರು.

“ಎರಡು ಬೆರಳು ಹೆಚ್ಚಿಗೆ ಬರೀರಿ ಸಾರ್,” ಎಂದಳು ಅಮ್ಮ.

“ಎಂತಕ್ಕೆ?”

“ಹಸಿ ಬಳ್ಳಿಯ ಬುಟ್ಟಿ ಒಣಗಿದ್ರೆ ಸಣ್ಣ ಆಗ್ತದೆ. ನಾವು ಮೊದಲೇ ಎರಡು ಬೆರಳು ದೊಡ್ಡದು ಹೆಣೆಯುವುದು.”

“ಇದು ಪ್ಲಾಸ್ಟಿಕ್ ಅಮ್ಮಾ. ಸಣ್ಣ ಆಗುದಿಲ್ಲ.”

“ಅದು ಆಗ್ಲಿಕ್ಕಿಲ್ಲ. ನೀವು ತರುವಷ್ಟರಲ್ಲಿ ಇವಳು ದೊಡ್ಡ ಆಗ್ತಾಳಲ್ವಾ?”

ಅವರು ನಕ್ಕು ಹಾಗೇ ಬರೆದರು. ಫೈಲು ನಗಲಿಲ್ಲ. ಮಣಿಪಾಲದ ಚೀಟಿಯ ಅಳತೆಗೂ ಇದಕ್ಕೂ ಹೊಂದುವುದಿಲ್ಲ ಎಂದು ಎಂಟು ತಿಂಗಳು ಮಲಗಿತು. ಉಡುಪಿಯ ವಿಚಾರಣೆಗೆ ಹೋದಾಗಲೆಲ್ಲ ಇಲಾಖೆಯವರದು ಒಂದೇ ಮಾತು: ಪರಿಶೀಲನೆಯಲ್ಲಿದೆ, ಮುಂದಿನ ದಿನಾಂಕ. ವಿಚಾರಣೆಯ ಕಚೇರಿ ಎರಡನೇ ಮಹಡಿಯಲ್ಲಿ. ಅಮ್ಮ ನನ್ನನ್ನು ಬೆನ್ನ ಮೇಲೆ ಹೊತ್ತು ಹತ್ತುತ್ತಿದ್ದಳು. ನಾನು ಮೇಲಿಂದ ರಾಣಿಯ ಹಾಗೆ ಕೈ ಬೀಸುತ್ತಿದ್ದೆ.

“ನನ್ನ ಬಾಯಿಂದಲೇ ತಡ ಆಯ್ತು,” ಎಂದು ಒಂದು ದಿನ ಮೆಟ್ಟಿಲಲ್ಲೇ ಕುಳಿತುಬಿಟ್ಟಳು.

“ನೀನು ಹೇಳಿದ್ದು ಎರಡೇ ಬೆರಳು ಅಮ್ಮ. ಅಷ್ಟು ಓದ್ಲಿಕ್ಕೆ ಅವರಿಗೆ ಎಂಟು ತಿಂಗಳು ಬೇಕಾ?”

ಅವಳು ನಗಲಿಲ್ಲ. ಆ ಹೊತ್ತಿಗೆ ನನ್ನ ಹಿಮ್ಮಡಿ ನೆಲದಿಂದ ಮೇಲೆಯೇ ನಿಲ್ಲತೊಡಗಿತ್ತು. ದಿನಾಂಕ ಮುಂದೂಡುವುದು ಕಾಲಿಗೆ ತಿಳಿಯದು. ಅದು ತನ್ನ ಪಾಡಿಗೆ ಬೆಳೆಯುತ್ತದೆ, ಬಗ್ಗುತ್ತದೆ.

ನನಗೆ ಹದಿನಾಲ್ಕಾದ ಮೇಲೆ ಬೂಟು ಬಂತು. ಹಳೆಯ ಚೀಟಿಯ ಅಳತೆಯದ್ದು.

ವಿಚಾರಣೆಯ ದಿನ ಇಲಾಖೆಯವರು “ಕೊಟ್ಟಾಗಿದೆ” ಎಂದರು. ನಾನು ಎಲ್ಲರ ಎದುರು ಕುರ್ಚಿಯಲ್ಲಿ ಕುಳಿತು ಹಾಕಿ ತೋರಿಸಿದೆ. ಐದು ಬೆರಳೂ ಹೊರಗೆ.

“ಸಾರ್, ಇದು ನನ್ನ ಹನ್ನೊಂದನೇ ವರ್ಷದ ಕಾಲಿಂದು. ಆ ಕಾಲು ಈಗ ನನ್ನ ಹತ್ರ ಇಲ್ಲ.”

ಯಾರೋ ಕೆಮ್ಮಿದರು. ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಕನ್ನಡಕ ತೆಗೆದು ಬೆರಳುಗಳನ್ನೇ ನೋಡಿದರು. “ಒಂದು ವಾರದೊಳಗೆ ಹೊಸ ಅಳತೆ ಆಗ್ಬೇಕು,” ಎಂದರು.

ಮಣಿಪಾಲದಲ್ಲಿ ಡಾಕ್ಟರ್ ನನ್ನ ಪಾದವನ್ನು ಮೆಲ್ಲ ಮೇಲಕ್ಕೆ ಒತ್ತಿದರು. ಮತ್ತೂ ಒತ್ತಿದರು. ಅಮ್ಮ ಬಗ್ಗಿ ನನ್ನ ಹಿಮ್ಮಡಿ ನೋಡಿದಳು.

“ಬಿಗಿ ಉಂಟು. ಆದ್ರೆ ಪಾದ ಮೇಲೆ ಬರ್ತಾ ಉಂಟು. ಆಪರೇಷನ್ ಈಗ ಬೇಡ. ದಿನಾ ಸ್ಟ್ರೆಚಿಂಗ್ ಮಾಡು, ಆರು ತಿಂಗಳು ನೋಡುವ.”

ಹೊಸ ಬೂಟು ಹಾಕಿ ಈಗ ಎರಡು ವಾರ. ಹಿಮ್ಮಡಿ ನೆಲ ಮುಟ್ಟುತ್ತಿದೆ. ಪೂರ್ತಿ ಅಲ್ಲ, ಒಂದು ಕಾಗದ ತೂರುವಷ್ಟು ಬಾಕಿ. ದೂರು ಮುಗಿದಿಲ್ಲ, ಕಾಲೊನಿಯ ಉಳಿದಿಬ್ಬರು ಮಕ್ಕಳ ಸರದಿ ಬಂದಿಲ್ಲ. ಮುಂದಿನ ದಿನಾಂಕಕ್ಕೆ ನಾವೆಲ್ಲ ಹೋಗುತ್ತೇವೆ. ಎರಡನೇ ಮಹಡಿಗೆ ಅಮ್ಮ ಈ ಸಲ ಬೆನ್ನ ಮೇಲೆ ನಾನಿಲ್ಲದೆ ಹತ್ತಲಿ. ನಾನು ಮುಂದೆ ಹೋಗಿ ಬಾಗಿಲು ತಟ್ಟುತ್ತೇನೆ.